ಟಿಕೆಟ್ ಹರಿಯುವವಳು

ಐರಾವತಿಯ ಧಕ್ಕೆಯಲ್ಲಿ ಇಪ್ಪತ್ತೆರಡು ವರ್ಷ
ದೋಣಿಗೆ ಟಿಕೆಟ್ ಹರಿದ ನ್ವೆ ಯಿನ್
ಸಗಾಯಿಂಗ್ ಗುಡ್ಡದ ಚಾಪೆಯ ಮೇಲೆ ಕೂತು
ಉಸಿರನ್ನೂ ಹಾಗೇ ಎಣಿಸಿದಳು.
ಏಳಕ್ಕೆ ಬರುವಷ್ಟರಲ್ಲಿ ಮನಸ್ಸು
ಮನೆಗೆ ಹೋಗಿ ಮೀನುಸಾರಿಗೆ ಉಪ್ಪು ಹಾಕುತ್ತಿತ್ತು.

ಹತ್ತನೇ ದಿನ
ಉಪ್ಪಿಗೆ ಕೈ ಚಾಚುವ ಮೊದಲೇ
ಚಾಚುವ ಆಸೆ ಕಂಡಿತು,
ಬಾಗಿಲ ಸಂದಿಯಲ್ಲಿ ಬೆಕ್ಕಿನ ಮೀಸೆಯಂತೆ.

ಆಮೇಲೆ ಮಂಡಿನೋವು.
ಕಲ್ಲು ಎಂದುಕೊಂಡಿದ್ದಳು;
ದಿಟ್ಟಿಸಿದರೆ ಮರಳು,
ಮರಳೂ ಅಲ್ಲ, ಬರೀ ಸರಿಯುವುದು.
ಮಂಡಿ ಎಲ್ಲಿ?
ಎಣಿಸುತ್ತಿದ್ದವಳೆಲ್ಲಿ?

ನಡುಗುತ್ತ ಹೋಗಿ ಹೇಳಿದಳು: ಮನೆಗೆ ಹೋಗುತ್ತೇನೆ, ಭಯ.
ಸಯಾಡೊ ಕನ್ನಡಕ ಒರೆಸುತ್ತ,
‘ಭಯ, ಭಯ ಅಂತ ಗುರುತು ಹಾಕು.
ಗಂಜಿ ಕುಡಿದೆಯಾ?’

ಕುಡಿದಳು.
ಚಮಚ ಎತ್ತಿದರೆ ಎತ್ತುವುದು,
ತುಟಿಗೆ ತಾಗಿದರೆ ಬಿಸಿ.
ಭಯವೂ ಪಕ್ಕದಲ್ಲೇ ಕೂತಿತ್ತು,
ಇಳಿಯುವ ಧಕ್ಕೆ ಹತ್ತಿರಾದ ಪ್ರಯಾಣಿಕನ ಹಾಗೆ
ಚೀಲ ಹೆಗಲಿಗೇರಿಸಿ.

ಈಗ ಕೆಳಗೆ ನದಿಯಲ್ಲಿ ಮೋಟಾರು.
‘ದೋಣಿ’ ಎಂಬ ಮಾತು ಇನ್ನೂ ಹುಟ್ಟಿಲ್ಲ,
‘ಮೋಟಾರು’ ಅಂದದ್ದೂ ನಾನೇ, ಅವಳಲ್ಲ.
ಸದ್ದು ಕೇಳುತ್ತಿದೆ.
ಟಿಕೆಟ್ ಕೇಳಲು ಯಾರೂ ಇಲ್ಲ.