ಹತ್ತಿರದ ಬೀಚು

ತಂಬೋಲಾ ಚೀಟಿಯ ಹಿಂಬದಿಯಲ್ಲಿ
ಮಂದಾ ತಾವಡೆ ನಾಳೆಯ ದಿನವನ್ನು ಗೆರೆ ಹೊಡೆದು ಹಂಚಿದ್ದಾಳೆ.
ಒಂಬತ್ತಕ್ಕೆ ಹಡಗು ಮರ್ಮಗೋವಾಕ್ಕೆ ತಾಗುತ್ತದೆ.
ಏಣಿ ಇಳಿದು, ಗೇಟು ದಾಟಿ, ಹತ್ತಕ್ಕೆ ವ್ಯಾನು.
ನಾಲ್ಕಕ್ಕೆ ಎಲ್ಲರೂ ವಾಪಸು ಹಡಗಿನೊಳಗೆ.
ನಾಲ್ಕರ ಕೆಳಗೆ ಎರಡು ಗೆರೆ:
ತಡವಾದರೆ ಬಿಟ್ಟು ಹೋಗುತ್ತಾರಂತೆ,
ಕಳೆದ ಸಲ ಒಬ್ಬ ಹೊಸ ಅಳಿಯ
ಧಕ್ಕೆಯ ಮೇಲೆ ನಿಂತು ಮಾವನಿಗೆ ಕೈ ಬೀಸಿದನಂತೆ.

ತಿಂಗಳಿಗೆ ಐನೂರರಂತೆ ಮೂರು ವರ್ಷದ ಭಿಶಿ
ಡೊಂಬಿವಲಿಯಿಂದ ಬಂದು
ಹತ್ತನೇ ಡೆಕ್ಕಿನಲ್ಲಿ ನಾಲ್ಕು ಕುರ್ಚಿಯಾಗಿ ಕುಳಿತಿದೆ.

ಜಯಾ ಕಾರ್ಕೇರಳಿಗೆ ಕೋಲ್ವಾ ಬೇಕು: ಮರಳು ಬೆಳ್ಳಗೆ.
ಫಿಲೋಮಿನಾಗೆ ಮೀನೂಟ ಸಾಕು, ನೀರು ಯಾವುದಾದರೇನು.
ಕೋಲ್ವಾಕ್ಕೆ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು,
ದಾರಿಯಲ್ಲಿ ಲಾರಿ ಸಾಲು ಸಿಕ್ಕರೆ ದೇವರೇ ಗತಿ.
ಬೋಗ್ಮಾಳೋ ಆದರೆ ಅರ್ಧ.
"ಅದಕ್ಕಿಂತ ಹತ್ತಿರ ಯಾವುದೂ ಇಲ್ಲವಾ?"
ಮಂದಾ ಕೇಳಿದ್ದು ನಕ್ಷೆಯನ್ನು.
ನಾನು ಚಹಾದ ಪೊಟ್ಟಣವನ್ನು
ಮತ್ತೊಮ್ಮೆ ಬಿಸಿನೀರಿಗೆ ಅದ್ದಿದೆ.

ಇದೆ.
ಬಂದರಿನಿಂದ ಹತ್ತು ನಿಮಿಷ. ನಡೆದರೂ ಆದೀತು,
ಅಪ್ಪ ನಡೆಯುತ್ತಿದ್ದ, ಎರಡು ಪಾಳಿ ಅದಿರು ಹೊತ್ತು
ರೆಪ್ಪೆಯವರೆಗೆ ಕೆಂಪಾಗಿ.
ಅವ್ವ ಅವನ ಅಂಗಿ ಹಿಂಡಿದರೆ
ಮೂರನೆಯ ಬಕೆಟ್ಟೂ ಕುಂಕುಮದ ನೀರು.
ತಗಡಿನ ಗೋಡೆ, ತಗಡಿನ ಮಾಡು.
ಅಲೆ ಏರಿದ ರಾತ್ರಿ ಒಲೆಯನ್ನು ಮಂಚದ ಮೇಲಿಟ್ಟು
ನಾವು ಅದರ ಸುತ್ತ ಕೂರುತ್ತಿದ್ದೆವು.
ಹಿಟ್ಟಿನಲ್ಲಿ ಮರಳು. ರೊಟ್ಟಿ ಕಚ್ಚಿದರೆ ಕರಕ್.
ಬೀಚು ಎಂಬ ಮಾತು ನಮ್ಮಲ್ಲಿ ಇರಲಿಲ್ಲ.
ದಂಡಿ ಅನ್ನುತ್ತಿದ್ದೆವು.
"ದಂಡಿಗಿ ಹೋಗಿ ಬರ್ತೀನಿ" ಅಂದರೆ
ತಂಬಿಗೆ ಹಿಡಿದು, ಕತ್ತಲಿರುವಾಗಲೇ,
ಬೆನ್ನು ಊರಿಗೆ, ಮುಖ ಹಡಗುಗಳಿಗೆ.
ಅಲ್ಲೇ ನಾನು ಎಣಿಸಲು ಕಲಿತದ್ದು:
ದೂರ ನಿಂತ ಹಡಗಿನ ದೀಪ ಒಂದು, ಎರಡು, ಇಪ್ಪತ್ತು.
ಇಪ್ಪತ್ತರ ಮುಂದೆ ಅವ್ವನಿಗೂ ಬರುತ್ತಿರಲಿಲ್ಲ.

ಒಂದು ದಿನ ಯಂತ್ರ ಬಂತು.
ತಗಡು ಬಿದ್ದ ಸದ್ದು, ಅಷ್ಟೇನೂ ದೊಡ್ಡದಲ್ಲ.
ಠಾಣೆಯ ಶಾಲೆಯಲ್ಲಿ ಊರು ಯಾವುದೆಂದು ಕೇಳಿದಾಗ
ಬಾದಾಮಿ ಎಂದೆ.
ಬೈನಾ ಎಂದರೆ ಮಂದಿ ಒಂದು ಥರ ನೋಡುತ್ತಿದ್ದರು.
ಗಂಡನಿಗೂ ಬಾದಾಮಿ, ಅತ್ತೆಗೂ ಬಾದಾಮಿ.
ಒಮ್ಮೆಯೂ ಕಾಣದ ಗುಹೆಗಳ ಬಗ್ಗೆ
ನಾನು ಹತ್ತು ನಿಮಿಷ ಬಿಡದೆ ಮಾತಾಡಬಲ್ಲೆ.

"ಡ್ರೈವರನ ಹೆಸರು ಕೇಳಿ," ಮಂದಾ ಫೋನು ನೋಡಿ ನಕ್ಕಳು,
"ಯಮನಪ್ಪ! ಬೀಚಿಗೆ ಒಯ್ಯುತ್ತಾನೋ, ಮೇಲಕ್ಕೋ?"
ಅದೇ ಹೆಸರಿನ ಸೋದರಮಾವ ನನಗಿದ್ದ,
ಗಾಳಕ್ಕೆ ಸಿಕ್ಕ ಮೊದಲ ಮೀನನ್ನು
ಬೈದು ಬುದ್ಧಿ ಹೇಳಿ ನೀರಿಗೆ ಬಿಡುತ್ತಿದ್ದ.
ನಕ್ಕೆ ನಾನೂ, ಒಂದು ಕ್ಷಣ ತಡವಾಗಿ.

ಬೋಗ್ಮಾಳೋ ಗೆದ್ದಿತು.
ಟವೆಲು ಹಡಗಿನದೇ, ಸಹಿ ಹಾಕಿ ಒಯ್ಯಬೇಕು.
ಟೋಪಿ, ಬಿಸಿಲಿನ ಕ್ರೀಮು, ಜಯಾಳ ಸಕ್ಕರೆ ಮಾತ್ರೆ,
ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ.
ಎರಡೂವರೆಯೊಳಗೆ ಊಟ ಮುಗಿಯಬೇಕು,
ಮೂರಕ್ಕೆ ವ್ಯಾನು ಹತ್ತಬೇಕು.
ಹಡಗು ತುಸು ವಾಲಿತು, ಪೆನ್ಸಿಲು ನನ್ನ ಕಡೆ ಉರುಳಿತು.
ಮೂರಕ್ಕೂ ನಾಲ್ಕಕ್ಕೂ ನಡುವೆ, ಅಂಚಿನಲ್ಲಿ,
ಸಣ್ಣಗೆ ಬರೆದೆ: ಹದಿನೈದು ನಿಮಿಷ.

"ಇದೇನು?"
"ಪೆಟ್ರೋಲು," ಅಂದೆ.

ಫಿಲೋಮಿನಾ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದಳು.
ಆಮೇಲೆ ಪೆನ್ಸಿಲು ಕಸಿದು ಹದಿನೈದನ್ನು ಹೊಡೆದು ಹಾಕಿ,
"ಇಪ್ಪತ್ತಿರಲಿ," ಅಂದಳು,
"ಅಲ್ಲಿ ಕ್ಯೂ ಇರುತ್ತದೆ."