ಹೊಳಪು ಹೋದ ಮೇಲೆ

ಅಥೋಲ್‌ಗೆ ಕೆಂಪು, ಹಸಿರು ಎರಡೂ ಒಂದೇ.
ಹದಿನೆಂಟರಲ್ಲಿ ಹಡಗಿನ ಕೆಲಸ ಕೇಳಲು ಹೋದಾಗ
ಕತ್ತಲೆ ಕೋಣೆಯಲ್ಲಿ ಕೂರಿಸಿ, ಎರಡು ದೀಪ ತೋರಿಸಿ
'ಎಡಬದಿಯದು ಯಾವುದು?' ಅಂತ ಕೇಳಿದರಂತೆ.
'ಎರಡೂ ದೀಪವೇ' ಅಂದನಂತೆ ಇವನು.
ಆಮೇಲೆ ಮೂವತ್ತೆಂಟು ವರ್ಷ
ಕೆಟರಿಂಗ್ ದಡದಿಂದ ಬ್ರೂನಿ ದ್ವೀಪಕ್ಕೆ ಹೋಗುವ ಫೆರಿಯಲ್ಲಿ
ಕಾರುಗಳಿಗೆ ಚೀಟಿ ಹರಿದುಕೊಟ್ಟ.
ಚುಕ್ಕಾಣಿಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ ಅನ್ನುತ್ತಾನೆ.
ನಂಬಿದ್ದೇನೆ, ಅರ್ಧ.

ಹಿತ್ತಲಿನ ಟೊಮೇಟೊ ನೆಡುವುದು, ನೀರು ಹಾಕುವುದು ಅವನು.
ಕೀಳುವುದಕ್ಕೆ ನಾನು ಬೇಕು.
ಮದುವೆಯಾದ ಮೊದಲ ಬೇಸಿಗೆಯಿಂದ
ಅಡುಗೆಮನೆ ಕಿಟಕಿಯಲ್ಲಿ ನಿಂತು ಕೂಗುತ್ತ ಬಂದಿದ್ದೇನೆ:
'ಅದಲ್ಲ, ಪಕ್ಕದ್ದು. ಅಯ್ಯೋ, ಅದರ ಪಕ್ಕದ್ದು!'
ಅವನ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು
ಅಂಗಡಿಯಲ್ಲಿ ಬೆಲೆ ಕೇಳಲು ನಾಚುವ ಹುಡುಗನದರ ಹಾಗೆ.

ಕಳೆದ ಆಗಸ್ಟಿನಲ್ಲಿ, ಬೆಟ್ಟದ ನೆತ್ತಿಯ ಹಿಮ ಇನ್ನೂ ಕರಗಿರಲಿಲ್ಲ,
ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಹನ್ನೆರಡು ಬೀಜ.
'ನೀಲಿ ಟೊಮೇಟೊ,' ಅಂದ, ಲಾಟರಿ ಹೊಡೆದವನ ದನಿಯಲ್ಲಿ.
'ನೀಲಿ ನನಗೆ ಕಾಣುತ್ತದೆ, ನೆರಿಡಾ.
ನೀಲಿ ನನಗೆ ಯಾವತ್ತೂ ಮೋಸ ಮಾಡಿಲ್ಲ.'

ಬಾಯ್ಲರಿನ ನೆತ್ತಿಯ ಮೇಲೆ, ಮೊಟ್ಟೆಯ ಪೆಟ್ಟಿಗೆಯಲ್ಲಿ ಮಲಗಿದವು.
ಒಂಬತ್ತು ಎದ್ದವು.
ಎಳೆ ಕಾಂಡಕ್ಕೆ ಆಗಲೇ
ನೇರಳೆ ತಿಂದ ನಾಲಗೆಯ ಬಣ್ಣ.
ನಮ್ಮಲ್ಲಿ ಬಿಸಿಲು ಬಡಗಣದಿಂದ ಬರುತ್ತದೆ;
ಬಡಗಣ ಗೋಡೆಗೆ ಒರಗಿಸಿ ಕೋಲು ಕೊಟ್ಟ.
ಜನವರಿಗೆ ಕಾಯಿಗಳ ಹೆಗಲು ಕಪ್ಪಿಟ್ಟವು:
ಬಿಸಿಲು ಮುಟ್ಟಿದಲ್ಲಿ ಮಾತ್ರ ನೀಲಿ,
ಎಲೆ ಒರಗಿದಲ್ಲಿ
ಎಲೆಯದೇ ಆಕಾರದ ಪೇಲವ ತೇಪೆ.

ಒಂದು ಬೆಳಿಗ್ಗೆ ನಾನು ಏಳುವ ಮೊದಲೇ
ಮೇಜಿನ ಮೇಲೆ ಬೋಗುಣಿ ತುಂಬ.
ಒಬ್ಬನೇ ಕಿತ್ತಿದ್ದ.
ಕಲ್ಲು.
ಚಾಕು ಕೂಡ ಮುಖ ಸಿಂಡರಿಸಿತು.
ನಾನು ಒಂದನ್ನು ಮಗುಚಿ ತೋರಿಸಿದೆ:
'ನೀಲಿ ಬರುವುದು ಬಿಸಿಲಿಗೆ, ಹಣ್ಣಾಗುವುದು ಬೇರೆ ಲೆಕ್ಕ.
ತಳ ನೋಡಬೇಕಂತೆ. ಹಸಿರಿದ್ದರೆ ಕಾಯಿ, ಕೆಂಪಾದರೆ...'
ನಾಲಗೆ ಕಚ್ಚಿಕೊಂಡೆ.
ಅವನು ಮಗುಚಿದ ಬಕೆಟ್ಟಿನ ಮೇಲೆ ಕೂತ.
'ಅಲ್ಲಿಗೂ ಬಂದು ಕೂತಿವೆಯಾ ಅವೆರಡೂ?'

ಸಾಸಿವೆ, ವಿನೆಗರ್ ಹಾಕಿ ಏಳು ಜಾಡಿ ಉಪ್ಪಿನಕಾಯಿ ಮಾಡಿದೆ.
ಮನೆಯಲ್ಲಿ ನೀಲಿಯ ಸುದ್ದಿ ಯಾರೂ ಎತ್ತಲಿಲ್ಲ.

ಆದರೂ ದಿನಾ ಸಂಜೆ ಹೋಗುತ್ತಿದ್ದ,
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ನೋಡಲು.
ಫೆಬ್ರವರಿಯಲ್ಲಿ ಒಂದು ಸಂಜೆ ಕರೆದ.
'ಇದು,' ಅಂದ. 'ಇದು. ಇದಲ್ಲ. ಅದರ ಪಕ್ಕದ್ದು.'
ಒಂದೊಂದನ್ನೇ ಮಗುಚಿ ನೋಡಿದೆ.
ಇಟ್ಟಿಗೆಗೆಂಪು. ಇಟ್ಟಿಗೆಗೆಂಪು.
ಬೇಡ ಅಂದದ್ದರ ತಳ ಹಸಿರು.
'ಹೇಗೆ ಗೊತ್ತಾಯಿತು?'
'ಹೊಳಪು ಹೋಗುತ್ತದೆ. ಕಾಯಿಯಾಗಿದ್ದಾಗ
ಆಗಷ್ಟೇ ಪಾಲಿಶ್ ಹಾಕಿದ ಬೂಟು.
ಹಣ್ಣಾದಾಗ ಅದೇ ಬೂಟಿನ ಮೇಲೆ
ಒಂದು ದಿನದ ದೂಳು.'
ಎಲ್ಲ ಬಣ್ಣ ಇಟ್ಟುಕೊಂಡವಳು ನಾನು,
ನನಗೆ ಕಂಡಿರಲಿಲ್ಲ.

ಕೊಯ್ದೆವು. ನೀಲಿ ಬರೀ ಸಿಪ್ಪೆಯಷ್ಟು,
ಒಳಗೆ ಎಲ್ಲ ಟೊಮೇಟೊಗಳಂತೆ ಟೊಮೇಟೊ.
'ಒಳಗೆ ನಿನಗೆ ಹೇಗೆ ಕಾಣುತ್ತದೆ?' ಅಂತ ಕೇಳಿದೆ.
ನಲವತ್ತೊಂದು ವರ್ಷದಲ್ಲಿ ಇದೇ ಮೊದಲು.
ಹೋಳನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದ.
'ಆರಿದ ಚಹಾ. ನಿನಗೆ?'
'ಕೆಂಪು.'
'ಯಾವ ಕೆಂಪು?'
'ಫೆರಿಯ ಎಡಬದಿಯ ದೀಪದ್ದು.'
ಸ್ವಲ್ಪ ಹೊತ್ತು ಸುಮ್ಮನಿದ್ದ.
'ಉಪ್ಪು ಕೊಡು,' ಅಂದ.