ಕಾಫಿ ಡಬ್ಬಿ

ಮುನ್ನೂರ ನಲವತ್ತು ಡಾಲರು, ಚಿಲ್ಲರೆ ಬೇರೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಊರವರ ಬೆವರು ಒಗೆದು
ಒಂದೂಕಾಲು ವರ್ಷ ಕೂಡಿಟ್ಟದ್ದು.
ಡಬ್ಬಿಯೊಳಗೇ ಕೂತು ಕೂತು
ನೋಟಿಗೂ ಕಾಫಿಯ ಘಮ ಹತ್ತಿದೆ.

ನವೆಂಬರ್ ಹದಿನೈದಕ್ಕೆ ಬೇಟೆ ಶುರು.
ಒಂದು ಜಿಂಕೆ ಬಿದ್ದರೆ ಸಾಕು, ಮಾರ್ಚಿನ ತನಕ
ಮಾಂಸದಂಗಡಿಯ ಮುಖ ನೋಡಬೇಕಿಲ್ಲ.
ಇಷ್ಟು ದಿನ ತಮ್ಮನ ಕೋವಿ ಎರವಲಿಗಿತ್ತು.
ಅವನು ಡುಲೂತ್‌ಗೆ ಮನೆ ಬದಲಿಸಿದ,
ಹೆಂಡತಿ, ನಾಯಿ, ಕೋವಿ ಸಮೇತ.

ಆರ್ನೆ ಪೆಲ್ಟೋಲಾನ ಅಂಗಡಿಯಲ್ಲಿ
ಮುಂದೆ ಮೊಳೆ, ಬಣ್ಣ, ಹಿಮ ಎತ್ತುವ ಸಲಿಕೆ.
ಹಿಂದೆ, ಒಲೆಯ ಮಗ್ಗುಲಲ್ಲಿ,
ಪಿಂಚಣಿಗೆ ಸಾಲು ನಿಂತ ಮುದುಕರ ಹಾಗೆ
ಹಳೆ ಕೋವಿಗಳು, ಕೊರಳಿಗೊಂದು ಬೆಲೆಚೀಟಿ.

ಕುದುರೆ ಕೊಳ್ಳುವವನು ಹಲ್ಲು ನೋಡಿಯಾನು,
ಕೋವಿ ಕೊಳ್ಳುವವಳು ಕುದುರೆ ನೋಡಬೇಕು.
ಅದಕ್ಕೂ ಮೊದಲು, ಅಪ್ಪ ಕಲಿಸಿದ್ದು:
ಯಾರು ಖಾಲಿ ಎಂದರೂ ನಂಬಬೇಡ,
ನಿನ್ನದೇ ಬೆರಳು ಹಾಕಿ ಖಾಲಿ ಮುಟ್ಟು.

ಮೊದಲನೆಯದು ಮದುಮಗನಂತೆ ಹೊಳೆಯಿತು.
ಆದರೆ ತಿರುಪುಗಳ ತಲೆ ಕಿತ್ತುಹೋಗಿದ್ದವು.
ಯಾರೋ ಸಿಟ್ಟಿನಲ್ಲಿ, ಸರಿಯಿಲ್ಲದ ಆಯುಧ ಹಿಡಿದು
ರಾತ್ರಿಯೆಲ್ಲ ಬಿಚ್ಚಿದ್ದಾರೆ, ಜೋಡಿಸಿದ್ದಾರೆ.
ಮೇಲಿನ ಮೆರುಗು ಆಮೇಲೆ ಬಳಿದದ್ದು.
ವಾಪಸ್ಸು ಇಟ್ಟೆ.

ಎರಡನೆಯದಕ್ಕೆ ನಡುಭಾಗದಲ್ಲಿ ನೀಲಿಯೇ ಇಲ್ಲ.
ಒಂದೇ ಅಂಗೈ ಅಷ್ಟಗಲ
ಬೆಳ್ಳಗೆ ಸವೆಸಿದೆ ಉಕ್ಕನ್ನು.
ತುಂಬ ನಡೆದ ಕೋವಿ ಇದು, ಮಾತು ಕಡಿಮೆ.
ಬೋಲ್ಟು ತೆಗೆದು, ಹೆಬ್ಬೆರಳ ಉಗುರಿಗೆ ಬೆಳಕು ಹಿಡಿದು
ನಳಿಗೆಯೊಳಗೆ ಇಣುಕಿದೆ:
ಬಸವನಹುಳು ನಡೆದ ಹಾದಿಯಂತೆ
ಸುತ್ತಿ ಸುತ್ತಿ ಹೋದ ಗೆರೆಗಳು, ತುಕ್ಕಿಲ್ಲ.
ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕು.
ನಾನು ಕಾಣುವ ಮೊದಲೇ ಆರ್ನೆ ತೋರಿಸಿದ.
"ಮುನ್ನೂರ ಎಪ್ಪತ್ತು. ಬಿರುಕಿಗೆ ಇಪ್ಪತ್ತು ಬಿಟ್ಟೆ."
"ಬಿರುಕು ಚಳಿಗೆ ಬೆಳೆಯುತ್ತದೆ, ಇಪ್ಪತ್ತು ಬೆಳೆಯಲ್ಲ," ಅಂದೆ.
ಅವನು ಒಲೆಗೆ ಕಟ್ಟಿಗೆ ಹಾಕುತ್ತ ಸುಮ್ಮನಾದ.

ಆಗ ಕಂಡಿತು, ಮೂಲೆಯಲ್ಲಿ,
ಚೀಟಿಯಿಲ್ಲದ ಮೂರನೆಯದು.
ಅಡಿಕೆ ಬಣ್ಣದ ಮರ, ಒಂದು ಗೀರಿಲ್ಲ,
ನನ್ನ ಹೆಗಲನ್ನೇ ಅಳೆದು ಕೊಯ್ದಂತೆ.
ಕೈ ತಾನೇ ಮುಂದೆ ಹೋಯಿತು.
"ಅದು ಮಾರಾಟಕ್ಕಲ್ಲ, ಐಲಾ."
ಪಟ್ಟಿಯ ಮೇಲೆ ಕೆಂಪು ನೂಲಿನ ಹೊಲಿಗೆ.
ಮರ್ಟಲಳ ಕೈ ಅದು, ಯಾರಿಗೆ ಗೊತ್ತಿಲ್ಲ?
ಆಗಸ್ಟಿನಲ್ಲಿ ಅವಳ ಶವಪೆಟ್ಟಿಗೆಗೆ
ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದ್ದೆವು.

"ಓರ್ವಿಲ್ ತಾನಾಗಿಯೇ ತಂದ.
ಹಿಮ ಕರಗುವ ತನಕ ಇಲ್ಲಿರಲಿ ಅಂದ.
ತೋಟಾ ಕೂಡ ಕೊಟ್ಟು ಹೋದ, ಎಣಿಸಿ."

ಆಮೇಲೆ ಇಬ್ಬರೂ ಚೌಕಾಸಿ ಮಾಡಲಿಲ್ಲ.
ಡಬ್ಬಿ ಬೋರಲು ಹಾಕಿದೆ, ಅವನು ಎಣಿಸದೆ ಎಳೆದುಕೊಂಡ.
ಸರ್ಕಾರದ ಫಾರಂ ತುಂಬಿದೆ,
ಫೋನಿನ ಆ ತುದಿಯವರು ಹೂಂ ಅನ್ನುವ ತನಕ
ಒಲೆಯ ಚಟಪಟ ಕೇಳುತ್ತ ನಿಂತೆವು.
ತನ್ನ ಡ್ರಾಯರಿನಿಂದ ಐದು ತೋಟಾ ತೆಗೆದು
ಕಾಗದದಲ್ಲಿ ಸುತ್ತಿ ಕೊಟ್ಟ, ಬಟಾಣಿ ಕೊಟ್ಟ ಹಾಗೆ.
"ಒಂದು ಗುರಿ ನೋಡಲು. ಉಳಿದದ್ದು ನಿನ್ನ ಹಣೆಬರಹ."

ಹೊರಗೆ ಸರೋವರದ ಗಾಳಿ ಕಿವಿ ಕೊಯ್ಯುತ್ತಿತ್ತು.
ನಾಲ್ಕೂವರೆಗೇ ಕತ್ತಲು.
ನಮ್ಮ ತಿರುವಿನಲ್ಲಿ ಓರ್ವಿಲ್‌ನ ಅಡಿಗೆಮನೆಯ ದೀಪ,
ಅದರ ಕೆಳಗೆ ಅಲುಗದ ಒಂದು ತಲೆ.
ಮುಂದೆ ಹೋಗಿದ್ದೆ, ನಿಜ. ಡೊಂಕು ದಾಟಿದ್ದೆ.
ಹಿಂದೆ ತಿರುಗಿಸಿದೆ.

ಕೋವಿ ಡಿಕ್ಕಿಯಲ್ಲಿತ್ತು. ಬೀಗ ಹಾಕಿದೆ,
ಎಳೆದು ನೋಡಿದೆ, ಮತ್ತೊಮ್ಮೆ ಎಳೆದೆ.
ಖಾಲಿ ಡಬ್ಬಿ ಮಾತ್ರ ಹಿಡಿದು
ಬಾಗಿಲು ತಟ್ಟಿದೆ:

"ಓರ್ವಿಲ್, ಮನೆಯಲ್ಲಿ ಕಾಫಿಪುಡಿ ಮುಗಿದಿದೆ.
ಸ್ವಲ್ಪ ಕೊಡು. ಅಥವಾ
ನೀನೇ ಮಾಡು, ಇಲ್ಲೇ ಕುಡಿಯುತ್ತೇನೆ."